ಸೂರಪ್ಪನ ಯುದ್ಧದ ಸುರಂಗ

೧೯೬೪ರ ಫೆಬ್ರವರಿ ಹದಿನಾರು, ಭಾನುವಾರ. ಸಂಜೆ ನಾಲ್ಕಕ್ಕೆ ಹರಿಹರದ ಠಾಣೆಗೆ ದಾವಣಗೆರೆ ಪಿ.ಜೆ. ಬಡಾವಣೆಯ ವಕೀಲ ಮುರುಗೇಂದ್ರಪ್ಪ ಬಂದರು. ಕೊರಳಲ್ಲಿ ಕ್ಯಾಮೆರಾ, ಬೂಟಿನ ತುಂಬ ಧೂಳು, ಮುಖದ ತುಂಬ ಸಿಟ್ಟು.

"ನಮಗೆ ಮೋಸ ಆಗೈತ್ರಿ. ಯುದ್ಧದ ಸುರಂಗ ತೋರಿಸ್ತೀನಿ ಅಂತ ಕರ್ಕೊಂಡು ಬಂದ ಸೂರಪ್ಪ ಊಟದ ಹೊತ್ತಿಗೆ ಪರಾರಿ. ಕೊನೇ ಸುರಂಗ ತೋರಿಸ್ಲೇ ಇಲ್ಲ."

"ಪರಾರಿ ಆದ್ನೋ, ಕಾಣೆ ಆದ್ನೋ?" ಇನ್‌ಸ್ಪೆಕ್ಟರ್ ಫಜಲುಲ್ಲಾ ಕೇಳಿದರು.

"ಎರಡೂ ಒಂದೇ ಅಲ್ವೇನ್ರಿ? ನಮ್ಮ ಟಿಕೆಟ್ ದುಡ್ಡು ವಾಪಸ್ ಬರಬೇಕು."

ಆ ಸುರಂಗದ ಸುದ್ದಿ ಎತ್ತಿದರೆ ಫಜಲುಲ್ಲಾರಿಗೆ ಮೈ ಉರಿಯುತ್ತಿತ್ತು. ಸಾರಥಿ ಊರಿನ ದಾರಿಯಲ್ಲಿ ಸೂರಪ್ಪನ ಅಪ್ಪ ಜೋಳ ತುಂಬಲು ನೆಲದೊಳಗೆ ತೋಡಿಸಿದ್ದ ಹಗೇವುಗಳವು. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಸೂರಪ್ಪ ಐದು ಹಗೇವುಗಳ ನಡುವೆ ಕಿಂಡಿ ಕೊರೆಸಿ, ಗೋಡೆಗೆ ಎರಡು ತುಕ್ಕು ಕತ್ತಿ ನೇತುಹಾಕಿ, ಪಾಳೆಯಗಾರರ ಸೈನಿಕರು ಅಡಗಿದ್ದ ಸುರಂಗವೆಂದು ಭಾನುವಾರಕ್ಕೊಂದು ಬಸ್ಸು ತುಂಬ ಜನರನ್ನು ತರುತ್ತಿದ್ದ. ದಾವಣಗೆರೆಯ ದೊಡ್ಡ ಮಂದಿ, ತಮ್ಮಜ್ಜಂದಿರು ಇಂಥದೇ ಗುಂಡಿಗಿಳಿದು ಜೋಳ ಎತ್ತಿದ್ದನ್ನು ಮರೆತು, ಟಿಕೆಟ್ ಕೊಂಡು ಬಾಯಿ ತೆರೆದು ನೋಡುತ್ತಿದ್ದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಕಾನ್‌ಸ್ಟೆಬಲ್ ಓಬಯ್ಯನೊಂದಿಗೆ ಜೀಪು ಅಲ್ಲಿಗೆ ಮುಟ್ಟಿದಾಗ ಉಳಿದ ಪ್ರವಾಸಿಗರು ಬೇವಿನ ಮರದಡಿ ಕೂತು ಚಕ್ಕುಲಿ ಕಡಿಯುತ್ತಿದ್ದರು. ಓಬಯ್ಯ ಐದೂ ಹಗೇವು ಹುಡುಕಿ ಬಂದ. ಯಾರೂ ಇರಲಿಲ್ಲ. ತುಸು ದೂರದಲ್ಲಿ ಆರನೆಯದೊಂದು ಒಂಟಿಯಾಗಿತ್ತು. ಅದಕ್ಕಿನ್ನೂ ಕಿಂಡಿ ಕೊರೆದಿರಲಿಲ್ಲ. ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಸುತ್ತ ಕೆಮ್ಮಣ್ಣು ಸೆಗಣಿ ಮೆತ್ತಿ ಸಾರಿಸಲಾಗಿತ್ತು. ಪಕ್ಕದಲ್ಲಿ ಇಳಿಯುವ ಹಗ್ಗ ಸುರುಳಿಯಾಗಿ ಬಿದ್ದಿತ್ತು. ಫಜಲುಲ್ಲಾ ಮಣ್ಣಿಗೆ ಬೆರಳಿಟ್ಟರು. ಇನ್ನೂ ಹಸಿ.

"ಇದನ್ನ ಮೆತ್ತಿದ್ದು ಯಾರು?"

"ನಮಗೆ ನೀರು ಕೊಡೋ ಮುದುಕಿ," ಅಂದರು ವಕೀಲರು. "ಏನು ಕೈಚಳಕ ಅಂತೀರಿ! ಎಲ್ಲಾರೂ ಸುತ್ತ ನಿಂತು ನೋಡಿದ್ವಿ. ಫೋಟೋನೂ ತೆಗೆದೆ."

"ಒಳಗಿಂದ ಸದ್ದೇನಾದ್ರೂ ಬಂತಾ?"

"ಬಂತಲ್ಲ! ದಬದಬ ಅಂತ ಬಡಿದಂಗೆ, ಕೂಗಿದಂಗೆ. ಸತ್ತ ಸೈನಿಕರ ಸದ್ದು ಕೇಳಿಸ್ತೀನಿ ಅಂತ ಸೂರಪ್ಪ ಮೊದ್ಲೇ ಹೇಳಿದ್ದ. ಭಾಳ ಚೆನ್ನಾಗಿತ್ತು. ಚಪ್ಪಾಳೆ ಹೊಡೆದ್ವಿ."

ಮರದಡಿ ಚಕ್ಕುಲಿ ಕಡಿಯುವ ಸದ್ದು ನಿಂತಿತು.

ಚಪ್ಪಡಿ ಎತ್ತಿ ಲಾಂದ್ರ ಇಳಿಬಿಟ್ಟರು. ದೀಪ ಆರಿತು. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಲೇಬೇಕು. ಅಷ್ಟು ಹೊತ್ತೂ ಫಜಲುಲ್ಲಾ ಆ ಜನರತ್ತ ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ಹೊಡೆದುಬಿಡುತ್ತೇನೋ ಎಂದು ತಮಗೇ ಭಯವಾಗಿತ್ತು. ಎರಡನೇ ಸಲ ದೀಪ ಉರಿಯಿತು. ಓಬಯ್ಯ ಇಳಿದು ಸೂರಪ್ಪನ ಹೆಣ ಕಟ್ಟಿ ಮೇಲೆ ಕಳಿಸಿದ.

ಪಂಚನಾಮೆ ಆಯಿತು. ಕೊಲೆ ಎಂದು ಎಫ್‌ಐಆರ್ ದಾಖಲಿಸಲು ಓಬಯ್ಯನಿಗೆ ಹೇಳಿ, ಫಜಲುಲ್ಲಾ ಕ್ಯಾಮೆರಾದ ರೀಲು ಕೇಳಿದರು.

"ಅದ್ರಾಗ ನಮ್ಮ ಮೊಮ್ಮಗಳ ನಾಮಕರಣ ಐತ್ರಿ," ಅಂದರು ವಕೀಲರು.

"ಅದರ ಪಕ್ಕದಾಗೇ ಒಂದು ಕೊಲೆನೂ ಐತ್ರಿ. ತೆಗೀರಿ."

ಮುದುಕಿ ಕೊಟ್ರವ್ವ ಎಲ್ಲಿಗೂ ಓಡಿರಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಕೈಗೆ ಮೆತ್ತಿದ ಮಣ್ಣು ಒಣಗಿತ್ತು.

"ಹಗ್ಗ ಎಳೆದದ್ದು?"

"ನಾನ."

"ಚಪ್ಪಡಿ?"

"ಹಾರೆ ಹಾಕಿ ಸರಿಸಿದೆ."

"ಮುಚ್ಚಿದ್ದು ಸಾಲ್ದು ಅಂತ ಮೆತ್ತಿದ್ದು ಯಾಕವ್ವ?"

"ಮುಚ್ಚಿದ ಮ್ಯಾಲೆ ಮೆತ್ತಬೇಕಲ್ರಿ. ರೂಢಿ."

ಮಿಕ್ಕದ್ದನ್ನು ಅವಳು ಅಳದೆ ಹೇಳಿದಳು. ಇಪ್ಪತ್ತು ವರ್ಷದ ಹಿಂದೆ, ಜರ್ಮನಿ ಯುದ್ಧದ ಕಾಲ, ಜೋಳಕ್ಕೆ ಕಂಟ್ರೋಲು. ಸರ್ಕಾರದವರು ಲೆವಿಯೆಂದು ಜೋಳದ ಪಾಲು ಕೇಳಲು ಬರುತ್ತಾರೆಂದು ಸೂರಪ್ಪನ ಅಪ್ಪ ಆರನೇ ಹಗೇವಿಗೆ ಜೋಳ ತುಂಬಿಸಿ ಇವಳ ಕೈಯಿಂದಲೇ ಮೆತ್ತಿಸಿ, ಮೇಲೆ ಗೊಬ್ಬರ ಹರವಿಸಿದ್ದ. ಊರು ಕಾರೆಹಣ್ಣು ತಿಂದು ದಿನ ದೂಡಿತು. ಇವಳ ಮಗಳು ಊರಮ್ಮ ಗಂಜಿ ಕೇಳಿ ಕೇಳಿ ಸತ್ತಳು. ಆ ಮನೆಯ ಉಪ್ಪು ಉಂಡವಳೆಂದು ಕೊಟ್ರವ್ವ ಯಾರಿಗೂ ಹೇಳಲಿಲ್ಲ.

ಈ ಭಾನುವಾರ ಬೆಳಿಗ್ಗೆ ಸೂರಪ್ಪ ಹೊಸ ಆಟಕ್ಕೆಂದು ಆ ಹಗೇವು ತೆಗೆಸಿದ. ಊಟಕ್ಕೆ ಮುಂಚೆ ಅದರ ಬಾಯಲ್ಲಿ ನಿಂತು, ಯುದ್ಧದ ಕಾಲದಲ್ಲಿ ತನ್ನಪ್ಪ ಇದರೊಳಗಿನ ಕಾಳು ತೆಗೆದು ಊರಿಗೆಲ್ಲ ಗಂಜಿ ಹೊಯ್ದನೆಂದ. "ಸುಳ್ಳಾದ್ರೆ ಈ ಮುದುಕೀನ ಕೇಳ್ರಿ," ಅಂದ. ಎಲ್ಲರೂ ತಿರುಗಿ ನೋಡಿದರು. ಕೊಟ್ರವ್ವ ಹೌದೆಂದು ತಲೆ ಆಡಿಸಿದಳು. ಅದಕ್ಕೂ ಚಪ್ಪಾಳೆ ಬಿತ್ತು. ಜನ ಊಟಕ್ಕೆ ಕೂತಾಗ ಕತ್ತಿ ನೇತುಹಾಕಲು ಅವನು ಒಳಗಿಳಿದ.

ಓಬಯ್ಯ ಬೇಡಿ ತೆಗೆದ. ಫಜಲುಲ್ಲಾ ಬೇಡವೆಂದು ಸನ್ನೆ ಮಾಡಿದರು.

ಕೊಟ್ರವ್ವ ಮೊಣಕಾಲು ಹಿಡಿದು ಎದ್ದಳು.

"ಅವತ್ತೂ ಮುಚ್ಚಿದ್ದು ನಾನರೀ ಸಾಹೇಬ್ರ. ಕೂಸು ಸತ್ತ ಮ್ಯಾಲೆ ಹಿಡ್ಕಂಡು ಹೋಗಾಕ ಬರ್ತೀರಿ ಅಂತ ಹಿಂಗೇ ಬಾಗಿಲಾಗ ಕುಂತಿದ್ದೆ. ಯಾರೂ ಬರ್ಲಿಲ್ಲ."