ಕಿವಿಯಲ್ಲಿದ್ದ ಅಕ್ಕ

ಬೆಂಕಿ ಆರಿಸುವ ಸಿಲಿಂಡರ್ ನನ್ನ ಕೆನ್ನೆ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಒಂದು ಗೇಣು ಈಚೆ ಬಿದ್ದಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರಾದರೂ ಹೇಳಬೇಕಿತ್ತು.

ಎಸೆದವನು ರೌಡಿಯಲ್ಲ ಸ್ವಾಮಿ... ಪ್ರೋಗ್ರಾಮರ್. ನನ್ನೆದುರಿಗೇ ನಾಲ್ಕು ಸಾಲು ಕೋಡ್ ಬರಿ ಅಂದಿದ್ದೆ. ಅಷ್ಟಕ್ಕೇ ಕುರ್ಚಿ ಒದ್ದು ಓಟ ಕಿತ್ತ!

ಕೆಲಸಕ್ಕೆ ಸೇರುವವರ ಹಿನ್ನೆಲೆ ಜಾಲಾಡುವುದು ನನ್ನ ಕಸುಬು. ಸುಳ್ಳು ಡಿಗ್ರಿ, ಸುಳ್ಳು ಅನುಭವ... ಗಂಡಸರ ಸುಳ್ಳು ಹಿಡಿಯುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ನಾನು ಮದುವೆಯಾಗದೆ ಉಳಿಯಲು ಅದೂ ಒಂದು ಕಾರಣ.

ಈ ಕೇಸು ಕೊಟ್ಟವನು ಆ ಪ್ರೋಗ್ರಾಮರ್ ಹೊಸದಾಗಿ ಸೇರಿದ್ದ ಕಂಪನಿಯ ಟ್ರೈನಿಂಗ್ ಮುಖ್ಯಸ್ಥ. ಎಲ್ಲರೂ ಅವನನ್ನು ಪಂಡಿತ ಅನ್ನುತ್ತಾರೆ. ರೈಲಿನ ಸಿಗ್ನಲ್ ನಡೆಸುವ ಅವರ ಸಾಫ್ಟ್‌ವೇರ್ ಒಂದು ಅಪರೂಪದ ಭಾಷೆಯಲ್ಲಿದೆ. ಅದರ ಹೆಸರು ಹೇಳಿದರೆ ಎದುರಿನವರು ನೆಗಡಿಯಾ ಅಂತ ಕೇಳುತ್ತಾರೆ. ಊರಿಗೆಲ್ಲ ಆ ಭಾಷೆ ಬಲ್ಲವನು ಪಂಡಿತ ಒಬ್ಬನೇ ಎಂದು ಪ್ರತೀತಿ. ಅವನೇ ಇಂಟರ್ವ್ಯೂ ಮಾಡಿ ಏಳು ಜನರನ್ನು ಆರಿಸಿದ್ದ.

"ಏಳೂ ಜನರ ಕೋಡಲ್ಲಿ ಒಂದೇ ತುಂಡು ಇದೆ ಮೇಡಂ, ನಾವು ಫಂಕ್ಷನ್ ಅಂತೀವಿ," ಅಂದಿದ್ದ. "ಹೆಸರು 'ಗಂಡ'."

"ಏನ್ ಮಾಡತ್ತೆ ಅದು?"

"ಕೊಟ್ಟಿದ್ದೆಲ್ಲಾ ತಗೊಳ್ಳತ್ತೆ. ವಾಪಸ್ ಏನೂ ಕೊಡಲ್ಲ."

ಅವನು ನಗಲಿಲ್ಲ. ನಾನು ಕಷ್ಟಪಟ್ಟು ನಗಲಿಲ್ಲ.

"ಯಾರೋ ಹಿಂದೆ ಕೂತು ಬರೆಸ್ತಿದಾರೆ. ರೈಲಿನೋರು ತಪಾಸಣೆಗೆ ಬರೋದ್ರೊಳಗೆ ಅವರು ಸಿಗ್ಲಿಲ್ಲ ಅಂದ್ರೆ ನನ್ನ ಕುರ್ಚಿ ಹೋಗತ್ತೆ. ಹುಡುಕಿ... ಚೆನ್ನಾಗಿ ಹೆದರಿಸಿ."

ಸಿಲಿಂಡರ್ ವೀರ ಮೆಟ್ಟಿಲು ಹಾರುತ್ತ ಇಳಿದ. ನಾನೂ ಇಳಿದೆ. ಪಾರ್ಕಿಂಗ್‌ನಲ್ಲಿ ಬೈಕಿನ ಕೀಗೆ ಜೇಬು ತಡಕಾಡುತ್ತಿದ್ದವನ ಕಾಲರ್ ಹಿಡಿದು ಕಂಬಕ್ಕೆ ಒತ್ತಿದೆ.

"ಬಿಟ್ಬಿಡಿ ಆಂಟಿ..."

ಆಂಟಿ ಅಂದಿದ್ದಕ್ಕೆ ಒಂದು ಬಿಗಿದೆ.

"ಹೇಳ್ಕೊಡೋರು ಯಾರು?"

"ಅಕ್ಕ."

"ಯಾವ ಅಕ್ಕ?"

"ನೋಡೇ ಇಲ್ಲ ಮೇಡಂ... ಕಿವೀಲಿ ಇರ್ತಾರೆ."

ಅವನ ಕಿವಿಯೊಳಗಿಂದ ಕಡಲೆಕಾಳಿನಷ್ಟು ಪುಟ್ಟ ಇಯರ್‌ಫೋನ್ ಕಿತ್ತು ನನ್ನ ಕಿವಿಗೆ ಸಿಕ್ಕಿಸಿಕೊಂಡೆ.

"ಯಾಕಪ್ಪಾ ಏದುಸಿರು?" ಹೆಂಗಸಿನ ದನಿ. "ಮತ್ತೆ ಕೋಡಿನ ಲೂಪಲ್ಲಿ ಸುತ್ತಿ ಸುತ್ತಿ ಸಿಕ್ಹಾಕ್ಕೊಂಡ್ಯಾ?"

"ಲೂಪಲ್ಲಲ್ಲ, ನನ್ನ ಕೈಲಿ," ಅಂದೆ.

ಆ ಕಡೆ ನಲ್ಲಿ ನಿಂತ ಸದ್ದು. ಆಮೇಲೆ ಒಂದು ನಿಟ್ಟುಸಿರು.

"ಕೊನೆಗೂ ಬಂದ್ರಾ? ಅವನ ಫೋನ್‌ಗೆ ಅಡ್ರೆಸ್ ಕಳಿಸ್ತೀನಿ, ಬನ್ನಿ."

ಬಲೆ ಇರಬಹುದು ಅನ್ನಿಸಿತು. ಬ್ಯಾಗಿಗೆ ಒಂದು ಸ್ಪ್ಯಾನರ್ ಹಾಕಿಕೊಂಡೇ ಹೋದೆ.

ಬಾಗಿಲು ತೆರೆದಾಕೆಯ ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್. ಗೋಡೆಯ ಮೇಲೆ ಮದುವೆಯ ಫೋಟೋ. ಅದರಲ್ಲಿ ಆಕೆಯ ಪಕ್ಕ ಹಲ್ಲು ಕಿರಿಯುತ್ತಿದ್ದವನು ಪಂಡಿತ!

ನಾನು ಕೇಳದೆಯೇ ಕುರ್ಚಿ ಎಳೆದು ಕೂತೆ. ಆಕೆ ನೀರು ತಂದುಕೊಟ್ಟಳು. ನಾನು ಹಿಡಿದ ಯಾವ ಕಳ್ಳನೂ ನನಗೆ ಈವರೆಗೆ ನೀರು ಕೊಟ್ಟಿರಲಿಲ್ಲ.

"ಆ ಏಳು ಜನ ಸೇರಿದ ಕೆಲಸಕ್ಕೆ ನಾನೂ ಅರ್ಜಿ ಹಾಕಿದ್ದೆ," ಅಂದಳು. "ನಮ್ಮನೆಯವರು ಹೆಸರೂ ನೋಡ್ದೆ ಆಚೆ ಹಾಕಿದ್ರು. ಕೆಲಸ ಬಿಟ್ಟು ವರ್ಷಗಟ್ಟಲೆ ಗ್ಯಾಪ್ ಇದೆಯಂತೆ. ಅಷ್ಟೂ ವರ್ಷ ಇವರ ಕೋಡ್ ಬರೆದಿದ್ದು ನಾನು. ಇಂಟರ್ವ್ಯೂ ಪ್ರಶ್ನೆ ಬರ್ಕೊಟ್ಟಿದ್ದೂ ನಾನು, ಇವರ ಟೇಬಲ್ ಮೇಲಿದ್ದ ಅರ್ಜಿ ನೋಡಿ ಆ ಹುಡುಗರಿಗೆ ಫೋನ್ ಮಾಡಿ ಕಿವೀಲಿ ಕೂತು ಉತ್ತರ ಹೇಳಿದ್ದೂ ನಾನು."

"ಏಳು ಜನಕ್ಕೂ?"

"ಎಂಟು. ಇವರನ್ನ ಬಿಟ್ರಲ್ಲಾ."

"ಆ ಫಂಕ್ಷನ್‌ಗೆ 'ಗಂಡ' ಅಂತ ಯಾಕಿಟ್ರಿ?"

"ಗುರುತು ಹಿಡೀಲಿ ಅಂತ..." ಆಕೆ ಗೋಡೆಯ ಫೋಟೋ ಕಡೆ ನೋಡಿದಳು. "ಅವರಿಗೆ ಅವರದ್ದೇ ಗುರುತು ಸಿಗ್ಲಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಪಂಡಿತನಿಗೆ ಫೋನ್ ಮಾಡಿದೆ.

"ಸಿಕ್ಕಿದಾರೆ. ಮನೆಗೆ ಬನ್ನಿ."

"ಯಾರ ಮನೆಗೆ?"

"ನಿಮ್ಮನೆಗೆ."

ಬಂದ. ನನ್ನನ್ನು ನೋಡಿದ, ಹೆಂಡತಿಯ ಕಿವಿ ನೋಡಿದ. ಬೆವರು ಕಿತ್ತುಕೊಂಡು ಬಂತು.

"ನೀನಾ?"

"ಹೂಂ ರೀ. ನಾಳೆ ನನ್ನ ಇಂಟರ್ವ್ಯೂ ಮಾಡಿ. ಆಫೀಸಲ್ಲಿ, ನಿಮ್ಮ ಮೇಲಿನೋರ ಮುಂದೆ. ಇಲ್ಲಾಂದ್ರೆ ತಪಾಸಣೆ ದಿನ ಯಾರ ಕಿವೀಲೂ ನಾನಿರಲ್ಲ. ನಿಮ್ಮ ಕಿವೀಲೂ."

"ನಾನು ಏನಂತ ಪ್ರಶ್ನೆ ಕೇಳ್ಲೇ?"

"ಬರ್ಕೊಡ್ತೀನಿ."

ಅವನು ನನ್ನ ಕಡೆ ತಿರುಗಿದ. "ಹೆದರಿಸಿ ಅಂದಿದ್ನಲ್ಲಾ ಮೇಡಂ?"

"ಹೆದರಿದೀರಲ್ಲಾ," ಅಂದೆ.

ಮರುದಿನ ಅವನು ಚೀಟಿ ನೋಡಿ ಪ್ರಶ್ನೆ ಕೇಳಿದ. ಆಕೆ ಉತ್ತರ ಕೊಟ್ಟಿದ್ದಲ್ಲದೆ ಅವನು ತಪ್ಪಾಗಿ ಓದಿದ ಪ್ರಶ್ನೆಯನ್ನೂ ತಿದ್ದಿದಳು. ಮೇಲಿನವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಈಗ ಪಂಡಿತನ ಕುರ್ಚಿಯಲ್ಲಿ ಆಕೆ ಕೂರುತ್ತಾಳೆ. ತಪಾಸಣೆಯೂ ಸುಸೂತ್ರವಾಗಿ ಮುಗಿಯಿತು.

ಪಂಡಿತನನ್ನು ಕಂಪನಿ ತೆಗೆಯಲಿಲ್ಲ. ಹೊಸಬರ ಜೊತೆ ಹಿಂದಿನ ಸಾಲಿನಲ್ಲಿ ಕೂತು ಆ ಭಾಷೆಯನ್ನು ಮೊದಲಿಂದ ಕಲಿಯುತ್ತಿದ್ದಾನೆ. ತಲೆಗೆ ಹತ್ತುತ್ತಿಲ್ಲವಂತೆ. ಮನೆಯಲ್ಲಾದರೂ ಸ್ವಲ್ಪ ಹೇಳಿಕೊಡೇ ಅಂತ ಹೆಂಡತಿಯನ್ನು ಗೋಗರೆದನಂತೆ.

ಆಫೀಸಿನ ಕೆಲಸ ಮನೆಗೆ ತರಲ್ಲ ಅಂದಳಂತೆ.