ಮೂರು ಅಂದ್ರೆ ಮೂರೇ ನಿಮಿಷ!

"ಟೈಮ್ ಮುಗೀತು!"

ಸೀಟಿ ಕಿವಿಗೆ ಬಡಿದಾಗ ಅವಳು ಪೊದೆಯೊಳಗೆ ಮಂಡಿಯೂರಿ ಕೂತಿದ್ದಳು. ಕೂದಲ ತುಂಬ ಒಣಗಿದ ಎಲೆ. ಮೊಣಕೈ ಮೇಲೆ ಮುಳ್ಳು ಗೀರಿ ರಕ್ತ ಬಂದಿತ್ತು.

"ಇನ್ನೊಂದೇ ನಿಮಿಷ ಕೊಡಿ... ಇಲ್ಲೇ ಎಲ್ಲೋ ಬಿದ್ದಿದೆ!"

"ಮೂರು ಅಂದ್ರೆ ಮೂರೇ ನಿಮಿಷ, ಮೇಡಂ. ಡಿಸ್ಕ್ ಕಳೆದುಹೋದ ಲೆಕ್ಕ."

ಅವಳು ಎದ್ದು ನಿಂತಳು. ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎತ್ತರದ ಆಳು, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಊರಿನ ಬೇಕರಿಯವನು, ರಜೆಯ ದಿನ ಕ್ಲಬ್ಬಿನ ಅಂಪೈರ್. ಮುಖದಲ್ಲಿ ಒಂದಿಷ್ಟೂ ಗಡಿಬಿಡಿಯಿಲ್ಲ. ಅದನ್ನು ನೋಡಿಯೇ ಅವಳ ಮೈ ಉರಿದುಹೋಯಿತು!

ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರಿಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಊಟದ ತಟ್ಟೆಗಿಂತ ಚಿಕ್ಕದಾದ ಡಿಸ್ಕನ್ನ ದೂರದ ಸರಪಳಿ ಬುಟ್ಟಿಗೆ ಎಸೀಬೇಕು. ಕಮ್ಮಿ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಡಿಸ್ಕ್ ಕಾಣೆಯಾದ್ರೆ ಎಲ್ಲರೂ ಸೇರಿ ಹುಡುಕ್ತಾರೆ, ಮೂರೇ ನಿಮಿಷ. ಸಿಗದಿದ್ರೆ ಒಂದು ಎಸೆತ ದಂಡ, ಮತ್ತೆ ಹಿಂದಿನ ಜಾಗದಿಂದಲೇ ಎಸೀಬೇಕು.

ಅವತ್ತು ನಮ್ಮ ಹುಡುಗಿ ಕೊನೆಯ ಬುಟ್ಟಿಯವರೆಗೂ ಮುಂದಿದ್ದಳು. ನಗರದ ತಂಡದಲ್ಲಿ ಉಳಿದಿದ್ದು ಒಂದೇ ಒಂದು ಜಾಗ. ಅದಕ್ಕಾಗಿ ಅವಳು ಐದು ವರ್ಷ ಬೆವರು ಸುರಿಸಿದ್ದಳು.

ಅಷ್ಟರಲ್ಲಿ ಬೇಕರಿಯವನು ಎರಡು ಹೆಜ್ಜೆ ಹಿಂದೆ ಸರಿದ. ಬಗ್ಗಿದ. ಹುಲ್ಲಿನಿಂದ ಏನನ್ನೋ ಎತ್ತಿ ಹಿಡಿದ.

"ಇದು... ನಿಮ್ಮದೇ ಅಲ್ವಾ?"

ಅವಳ ಕೆಂಪು ಡಿಸ್ಕ್!

"'ಆ ಕಡೆ ನಾನು ನೋಡಾಯ್ತು, ಇಲ್ಲ' ಅಂತ ನೀವೇ ಹೇಳಿದ್ರಲ್ಲ? ಅದಕ್ಕೇ ನಾವ್ಯಾರೂ ಆ ಕಡೆ ಬರಲಿಲ್ಲ!"

"ನೋಡಿದ್ದೆ..."

"ಕೆಂಪು ಡಿಸ್ಕು! ಹಸಿರು ಹುಲ್ಲು! ಕುರುಡನಿಗೂ ಕಾಣುತ್ತೆ!"

ಅವನ ಮುಖ ಕಪ್ಪಿಟ್ಟಿತು. ಡಿಸ್ಕನ್ನು ಅವಳ ಕೈಗಿಟ್ಟು ಹಿಂದೆ ಸರಿದ.

ಒಂದೇ ಎಸೆತದ ಅಂತರದಲ್ಲಿ ಅವಳು ಸೋತಳು. ಗೆದ್ದವಳು ಯಾರು ಅಂತೀರಿ? ಬೇಕರಿಯವನ ಚಿಕ್ಕಮ್ಮನ ಮಗಳು!

"ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು," ಅಂತ ಹಿಂದಿನಿಂದ ಯಾರೋ ಅಂದರು.

*

"ಮನೇಲಿ ತಟ್ಟೆ ತೊಳಿ ಅಂದ್ರೆ ಸೊಂಟ ನೋವು. ಹೊರಗೆ ತಟ್ಟೆ ಎಸೆಯೋಕೆ ಮಾತ್ರ ಎಲ್ಲಿಲ್ಲದ ಶಕ್ತಿ!" ಅಮ್ಮ ಎಂದಿನ ರಾಗ ತೆಗೆದರು. ಮಗಳು ತಿರುಗಿ ಮಾತಾಡಲಿಲ್ಲ. ಅಮ್ಮನಿಗೆ ಗಾಬರಿಯಾಯಿತು. "ಯಾಕೇ ರಾಣಿ? ಏನಾಯ್ತು?"

ಬಂದರಿನಲ್ಲೂ ಅವಳಿಗೆ ಅದೇ ಹೆಸರು, ಕ್ರೇನ್ ರಾಣಿ. ಆಕಾಶದೆತ್ತರದ ಕ್ಯಾಬಿನ್ನಿನಲ್ಲಿ ಕೂತು, ಲಾರಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ಹೂವಿನ ಹಾಗೆ ಇಳಿಸುತ್ತಿದ್ದಳು. ಇವತ್ತಿನವರೆಗೂ ಒಂದಕ್ಕೂ ಗೀರು ಬಿದ್ದಿರಲಿಲ್ಲ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

"ನನಗೆ ಮೋಸ ಆಯ್ತಮ್ಮ," ಅಂದಳು. "ಸೋತಿದ್ರೆ ನುಂಗ್ಕೋತಿದ್ದೆ. ಇದನ್ನ ನುಂಗಲ್ಲ."

ಅವತ್ತೇ ಕ್ಲಬ್ಬಿನ ಅಧ್ಯಕ್ಷರಿಗೆ ದೂರು ಹೇಳಿದಳು. ಅವರು ನಿವೃತ್ತ ಲೆಕ್ಕದ ಮೇಷ್ಟ್ರು, ಯಾವುದಕ್ಕೂ ದುಡುಕುವವರಲ್ಲ. "ಭಾನುವಾರ ಎಲ್ಲರ ಮುಂದೆ ವಿಚಾರಿಸೋಣ. ಅವನು ಬೇಕಂತ ಮುಚ್ಚಿಟ್ಟಿದ್ದು ನಿಜ ಆದ್ರೆ ಅವನು ಕ್ಲಬ್ಬಿಂದ ಹೊರಗೆ. ಕೊನೇ ಬುಟ್ಟಿ ಮತ್ತೆ ಆಡಿಸ್ತೀವಿ," ಅಂದರು.

ಶನಿವಾರ ಮಧ್ಯಾಹ್ನ ಅವಳು ನೇರ ಬೇಕರಿಗೇ ಹೋದಳು. ಬೆನ್ನ ಹಿಂದೆ ಮಾತಾಡುವ ಜಾಯಮಾನ ಅವಳದಲ್ಲ. 'ದೂರು ಕೊಟ್ಟವಳು ನಾನೇ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರ್ತೀನಿ!'

ಒಳಗೆ ಬಿಸಿ ಬ್ರೆಡ್ಡಿನ ಘಮ. ಅವಳನ್ನು ನೋಡಿ ಅವನು ಕೈ ಒರೆಸಿಕೊಂಡ.

"ಮುಳ್ಳಿನ ಗಾಯಕ್ಕೆ ಔಷಧ ಹಚ್ಚಿದ್ರಾ?"

ಬಾಯಿತುಂಬ ಬೈಗುಳ ತುಂಬಿಕೊಂಡು ಬಂದಿದ್ದವಳು ತಬ್ಬಿಬ್ಬಾದಳು. 'ಇವನಿಗೇನು ನನ್ನ ಗಾಯದ ಚಿಂತೆ?'

"ನಾನು ನಿಮ್ಮ ಮೇಲೆ ದೂರು ಕೊಟ್ಟಿದೀನಿ."

"ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಕೊಡ್ತಿದ್ದೆ."

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಕೇಕಿನ ಮೇಲೆ ಒಂದು ಕೆಂಪು ಹೂವು ಬೇಕಂತೆ. ಕೇಕಿಗೆ ಹೂವು ಬಿಡಿಸುವ ಹುಡುಗಿ ಅವತ್ತು ರಜೆ. ಮೇಜಿನ ಮೇಲೆ ಕ್ರೀಮಿನ ಚೀಲಗಳಿದ್ದವು, ಒಂದೊಂದರ ಮೇಲೂ ಬಣ್ಣದ ಹೆಸರು ಬರೆದ ಚೀಟಿ. ಎರಡು ಚೀಟಿ ನೀರು ಬಿದ್ದು ಅಳಿಸಿಹೋಗಿದ್ದವು. ಅವನ ಕೈ ಆ ಎರಡರ ನಡುವೆ ಓಡಾಡಿತು... ನಿಂತಿತು... ಒಂದನ್ನು ಎತ್ತಿಕೊಂಡಿತು.

"ಅಯ್ಯೋ, ಇದೇನಪ್ಪಾ ಹಸಿರು ಹೂವು!"

"ಹೊಸ ಫ್ಯಾಷನ್ ಅಜ್ಜಿ!" ಅಂತ ಅವನು ನಕ್ಕ. ಆದರೆ ಹಣೆಯ ಮೇಲೆ ಬೆವರು ಮೂಡಿತ್ತು.

ಅಂಥ ನಗು ಅವಳು ಮೊದಲೂ ನೋಡಿದ್ದಳು. ಬಂದರಿನಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಬಣ್ಣದ ಚುಕ್ಕಿಗಳ ನಡುವೆ ಅಡಗಿರುವ ಅಂಕಿ ಓದಬೇಕು. ಅವಳ ಜೊತೆ ಸೇರಿದ್ದ ಒಬ್ಬ ಆಪರೇಟರು ಹೀಗೇ ತಮಾಷೆ ಮಾಡಿ ಮಾಡಿ ನುಣುಚಿಕೊಳ್ಳುತ್ತಿದ್ದ. ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಿದ್ದವು.

'ದೇವರೇ... ಇವನು ಡಿಸ್ಕನ್ನ ಮುಚ್ಚಿಡಲಿಲ್ಲ. ಇವನಿಗೆ ಅದು ಕಾಣಲೇ ಇಲ್ಲ!'

ಅಜ್ಜಿ ಹೊರಟ ಮೇಲೆ ಮೆಲ್ಲಗೆ ಕೇಳಿದಳು. "ಬ್ರೆಡ್ ಬೆಂದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಗಡಿಯಾರ ನೋಡಿ."

"ಬಣ್ಣ ನೋಡಿ ಅಲ್ವಾ?"

ಅವನು ಕಣ್ಣು ತಪ್ಪಿಸಿದ. "ಗಡಿಯಾರ ಯಾರಿಗೂ ಮೋಸ ಮಾಡಲ್ಲ ಮೇಡಂ."

'ಕುರುಡನಿಗೂ ಕಾಣುತ್ತೆ' ಅಂದಿದ್ದು ನೆನಪಾಗಿ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಹಾಗಂದಾಗಲೂ ಅವನು ತುಟಿ ಪಿಟಕ್ಕೆನ್ನಲಿಲ್ಲ. 'ಎಂಥಾ ಸ್ವಾಭಿಮಾನ! ನನಗಿಂತ ಒಂದು ಕೈ ಹೆಚ್ಚೇ ಇದೆ ಇವನಿಗೆ...'

ಮನೆಗೆ ಬಂದವಳಿಗೆ ಕೋಪ ಹುಡುಕಿದರೂ ಸಿಗಲಿಲ್ಲ. ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು.

*

ಭಾನುವಾರ ಕ್ಲಬ್ಬಿನ ಕೋಣೆ ಕಿಕ್ಕಿರಿದಿತ್ತು.

ಅವಳಿಗೆ ಎಲ್ಲಾ ಗೊತ್ತಿತ್ತು. ಸುಮ್ಮನೆ ದೂರನ್ನು ಮತ್ತೊಮ್ಮೆ ಹೇಳಿದರೆ ಸಾಕು, ಅವನು ಬಾಯಿ ಬಿಡಲ್ಲ. ತಂಡದ ಜಾಗ ಮತ್ತೆ ಕೈಗೆ ಸಿಗಬಹುದು. ಇಲ್ಲಾ, ಅವನ ಗುಟ್ಟನ್ನು ಎಲ್ಲರ ಮುಂದೆ ಬಯಲು ಮಾಡಬಹುದು. ಎರಡೂ ಅವಳಿಂದ ಆಗದ ಕೆಲಸ.

"ಹೇಳಮ್ಮ," ಅಂದರು ಅಧ್ಯಕ್ಷರು.

ಅವಳು ತಲೆ ಎತ್ತಿ ನಿಂತಳು. "ದೂರು ವಾಪಸ್ ತಗೋತೀನಿ ಸರ್. ಅವರು ಮೋಸ ಮಾಡಿಲ್ಲ. ನಾನೇ ದುಡುಕಿದೆ."

"ಅದು ಹೇಗೆ ಗೊತ್ತಾಯ್ತು?"

"ಗೊತ್ತಾಯ್ತು. ಅಷ್ಟೇ."

ಗೆದ್ದಿದ್ದ ಅವನ ತಂಗಿ ಕಿಸಕ್ಕನೆ ನಕ್ಕಳು. "ನಿನ್ನೆ ಅಣ್ಣನ ಬೇಕರಿಗೆ ಹೋಗಿದ್ರಂತೆ. ಒಳಗೊಳಗೇ ಏನೋ ಬೇಯ್ತಿದೆ!"

ಕೋಣೆಯೆಲ್ಲ ಗುಸುಗುಸು. ಅವಳು ಜಗ್ಗಲಿಲ್ಲ. ಕಣ್ಣು ತುಂಬಿತು, ತಲೆ ಮಾತ್ರ ಬಾಗಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಬೇಕರಿಯವನು ಎದ್ದು ನಿಂತಿದ್ದ.

"ಅವರ ಮೇಲೆ ಒಂದು ಮಾತೂ ಬರಬಾರದು! ತಪ್ಪು ನಂದು. ನನಗೆ ಕೆಂಪು, ಹಸಿರು ಬೇರೆ ಬೇರೆ ಅಂತ ಗೊತ್ತಾಗಲ್ಲ. ಹುಟ್ಟಿದಾಗಿಂದ. ಡಿಸ್ಕ್ ನನ್ನ ಕಣ್ಣಿಗೆ ಬೀಳಲಿಲ್ಲ, ಸೀಟಿ ಊದಿದ ಮೇಲೆ ಕಾಲಿಗೆ ಸಿಕ್ತು. ಆ ಕಡೆ ಇನ್ನೊಬ್ಬರು ನೋಡಿ ಅಂತ ನಾನು ಹೇಳಬೇಕಿತ್ತು. ಹೇಳಿದ್ರೆ ಗುಟ್ಟು ರಟ್ಟಾಗುತ್ತೆ... ಬ್ರೆಡ್ ಸೀದಿದ್ಯೋ ಇಲ್ವೋ ಗೊತ್ತಾಗದವನ ಅಂಗಡಿಗೆ ಯಾರು ಬರ್ತಾರೆ ಅಂತ ಹೆದರಿದೆ. ನನ್ನ ಹೆದರಿಕೆಗೆ ಅವರು ದಂಡ ತೆತ್ತರು."

ತಂಗಿಯ ನಗು ಎಲ್ಲೋ ಮಾಯವಾಗಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಕೊನೇ ಬುಟ್ಟಿ ಮತ್ತೆ ಆಡಿಸೋಣ್ವಾ ಅಮ್ಮ? ಈಗ ಕಾರಣ ಇದೆ."

ಅವಳಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಐದು ವರ್ಷದ ಆಸೆ ಅದು!

"ಬೇಡ ಸರ್. ಮೋಸ ಆಗಿದ್ರೆ ಹಠ ಹಿಡಿದು ಆಡ್ತಿದ್ದೆ. ಮೂರು ನಿಮಿಷದಲ್ಲಿ ಡಿಸ್ಕ್ ಸಿಗಲಿಲ್ಲ, ಅದು ನಿಜ. ಮುಂದಿನ ವರ್ಷ ಈ ಜಾಗ ನಾನು ಗೆದ್ದೇ ತಗೋತೀನಿ, ನೋಡ್ತಿರಿ!"

ಮೊದಲು ಚಪ್ಪಾಳೆ ತಟ್ಟಿದ್ದು ಅವನ ತಂಗಿಯೇ.

*

ಹೊರಗೆ ಮೆಟ್ಟಿಲ ಹತ್ತಿರ ಅವನು ಕಾಯುತ್ತಿದ್ದ.

"ನಿನ್ನೆಯೇ ನಿಮಗೆ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ?"

"ಅದು ನಿಮ್ಮ ಗುಟ್ಟು. ಹೇಳೋಕೆ ನಾನ್ಯಾರು?" ಅವಳು ತಿರುಗಿ ನೋಡಿದಳು. "ಒಂದು ಕೇಳ್ಲಾ? ಅವತ್ತು ಹತ್ತು ಸೆಕೆಂಡ್ ಜಾಸ್ತಿ ಕೊಡಬಹುದಿತ್ತಲ್ಲ?"

"ನನ್ನ ದಯೆಯಿಂದ ಗೆದ್ದೆ ಅಂತ ಆಮೇಲೆ ಗೊತ್ತಾಗಿದ್ರೆ, ಆ ಜಾಗ ಇಟ್ಕೋತಿದ್ರಾ?"

"...ಇಲ್ಲ."

"ಅದಕ್ಕೇ ಕೊಡಲಿಲ್ಲ."

'ಅಬ್ಬಾ! ನನ್ನನ್ನ ಇಷ್ಟು ಸರಿಯಾಗಿ ಅಳೆದವನು ಇನ್ನೊಬ್ಬನಿಲ್ಲ...'

"ಕಣ್ಣಿನ ಕಷ್ಟ ಇಟ್ಕೊಂಡು ಈ ಅಂಪೈರ್ ಕೆಲಸ ಯಾಕೆ ಒಪ್ಕೊಂಡ್ರಿ?"

ಅವನು ಚಪ್ಪಲಿ ನೋಡುತ್ತಾ ಅಂದ, "ನೀವು ಎಸೆಯೋದನ್ನ ಹತ್ತಿರದಿಂದ ನೋಡೋಕೆ. ನಿಮ್ಮ ಡಿಸ್ಕು ಆಕಾಶದಲ್ಲಿ ನನಗೆ ಚೆನ್ನಾಗೇ ಕಾಣುತ್ತೆ. ನೆಲಕ್ಕೆ ಬಿದ್ದ ಮೇಲೇ ತೊಂದರೆ. ಒಂದು ವರ್ಷದಿಂದ ನೋಡ್ತಿದೀನಿ. ನನಗೆ... ನೀವಂದ್ರೆ ತುಂಬಾ ಇಷ್ಟ."

ಅವಳು ಮಾತಾಡಲಿಲ್ಲ. ಅವನು ಕಾದ. ಕಾದು ಕಾದು ಅವನ ಮುಖ ಬಾಡಿತು.

"ಸರಿ... ನಾನು ಹೇಳಬಾರದಿತ್ತೇನೋ. ಬರ್ತೀನಿ."

"ನಿಂತ್ಕೊಳ್ರೀ! ಮೊದಲು ನನ್ನ ಮುಖ ನೋಡಿ. ಏನಾದ್ರೂ ಗೊತ್ತಾಗ್ತಿದೆಯಾ?"

ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲ... ಕೋಪಾನಾ?"

"ಅಯ್ಯೋ ಪೆದ್ದ! ಕೆನ್ನೆ ಕೆಂಪಾಗಿದೆ ನಂದು! ಕಿವಿ ತುದಿಯವರೆಗೂ ಕೆಂಪಾಗಿದೆ! ಬೇರೆ ಯಾರಾಗಿದ್ರೂ ನೋಡೇ ಅರ್ಥ ಮಾಡ್ಕೊಂಡಿರೋರು. ನಾನು ಬಾಯಿ ಬಿಡೋ ಅಗತ್ಯವೇ ಇರ್ತಿರಲಿಲ್ಲ!"

ಅವನ ಮುಖದ ತುಂಬ ನಗು ಹರಡಿತು.

"ಹಾಗಾದ್ರೆ ನೀವು ಬಾಯಿ ಬಿಟ್ಟೇ ಹೇಳಬೇಕಾಗುತ್ತೆ."

ಯಾರ ಮುಂದೂ ಸೋಲದ ಕ್ರೇನ್ ರಾಣಿ ಸೆರಗಿಲ್ಲದ ಅಂಗಿಯ ತುದಿ ಹಿಡಿದು ತಿರುಚಿದಳು.

"ನನಗೂ... ನೀವಂದ್ರೆ ಇಷ್ಟ. ಕೇಳಿಸ್ತಾ?"

"ಕೇಳಿಸ್ತು. ನನ್ನ ಕಿವಿಗೇನೂ ದೋಷ ಇಲ್ಲ." ಅವನು ಅವಳ ಕೈ ಹಿಡಿದುಕೊಂಡ. "ಆದ್ರೂ ಇನ್ನೊಂದ್ಸಲ ಹೇಳಿ."

ಅವಳು ಇನ್ನೊಂದು ಸಲ ಹೇಳಿದಳು. ಈ ಸಲ ತಲೆ ಎತ್ತಿ, ಒಳಗಿದ್ದವರಿಗೂ ಕೇಳಿಸುವಷ್ಟು ಜೋರಾಗಿ.