ನುಂಗಿದ ಗದ್ದೆ

“ಬಾಯಿಗೆ ಹಾಕೋಕ್ ಮುಂಚೆ ಇನ್ನೊಂದ್ಸಲ ಯೋಚ್ನೆ ಮಾಡು ಮಗಾ,” ಎಂದರು ಊರಿನ ಹಿರಿಯಜ್ಜ ಓಂಪು ಬಿನ್ಸಾರ್. “ಸುಳ್ಳು ಹೇಳಿ ನುಂಗಿದ ಮಣ್ಣು ಹೊಟ್ಟೆಯಿಂದ ಇಳಿಯಲ್ಲ. ಅವತ್ತಿಂದ ಗದ್ದೆಗೆ ಏನಾಗುತ್ತೋ, ನಿನ್ನೊಳಗೂ ಅದೇ ಆಗುತ್ತೆ.”

ಮಾರೊಲೊಪ್‌ಗೆ ನಗು ಬಂತು. ಮೇದಾನ್ ನಗರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಳೆಯ ಕಾರುಗಳನ್ನು ಮಾರುತ್ತಿದ್ದವನು ಅವನು. ಆಣೆ ಪ್ರಮಾಣವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು.

“ಓಂಪು, ಈ ಊರಲ್ಲಿ ಹುಟ್ಟಿದ ಮಕ್ಕಳೆಲ್ಲ ಮಣ್ಣು ತಿಂದೇ ಬೆಳೆದಿರೋದು. ಒಂದು ಜಂತುಹುಳದ ಮಾತ್ರೆ ತಗೊಂಡ್ರೆ ಆಯ್ತು,” ಎಂದ.

ಬದುವಿನ ಮೇಲೆ ನಿಂತಿದ್ದ ಏಳೆಂಟು ಜನರಲ್ಲಿ ಒಬ್ಬರೂ ನಗಲಿಲ್ಲ. ಹಿರಿಯರ ಎದುರು ಹಾಗೆ ಹಲ್ಲು ಕಿರಿಯುವುದನ್ನು ಅವನಿಗೆ ಯಾರು ಕಲಿಸಿದರೋ. ಅವನ ಅಪ್ಪನಂತೂ ಕಲಿಸಿರಲಿಲ್ಲ.

ಗದ್ದೆ ಲುಂಬಾನ್ ಹಾರಿಯಾರಾ ಊರಿನ ಕೆಳಗೆ, ತೋಬಾ ಸರೋವರದ ದಂಡೆಯ ರಸ್ತೆಗೆ ತಾಗಿಕೊಂಡಿತ್ತು. ಅಲ್ಲಿ ಹೋಟೆಲು ಕಟ್ಟಲು ಹರ್ಯಾದಿ ಎಂಬ ಸಾಹುಕಾರ ತುದಿಗಾಲಲ್ಲಿ ನಿಂತಿದ್ದ. ಗದ್ದೆ ಯಾರದು ಎಂಬುದೊಂದೇ ಅವನಿಗೆ ತೊಡಕಾಗಿತ್ತು. ಬೇಸಾಯ ಮಾಡುತ್ತಿದ್ದವಳು ತಿಯೊಮಿನಾ, ಮಾರೊಲೊಪ್‌ನ ಅಪ್ಪನ ತಂಗಿ, ಅವನ ನಂಬೊರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲಿಲ್ಲ. ಆದರೆ ಮಗಳು ಗಂಡನ ಮನೆಗೆ ಹೊರಟಾಗ ಅಪ್ಪ ಪ್ರೀತಿಯಿಂದ ಒಂದು ತುಂಡು ಗದ್ದೆ ಕೊಡಬಹುದು. ಅದಕ್ಕೆ ಹರಿಯದ ಶಾಲು ಎನ್ನುತ್ತೇವೆ. ಮದುವೆಯಲ್ಲಿ ಹೊದಿಸಿದ ಶಾಲು ಎಂದಾದರೂ ಹರಿಯುತ್ತದೆ, ಇದು ಹರಿಯುವುದಿಲ್ಲ. ತಿಯೊಮಿನಾಗೆ ಸಿಕ್ಕಿದ್ದು ಇಂಥ ಗದ್ದೆ. ಕಾಗದವಿಲ್ಲ, ಕೊಟ್ಟಿದ್ದನ್ನು ಕಂಡವರು ಯಾರೂ ಬದುಕಿಲ್ಲ. ಮಾರೊಲೊಪ್‌ನ ಅಪ್ಪ ಪ್ರಾಣ ಬಿಡುವ ಮುನ್ನ ಮಗನ ಕೈ ಹಿಡಿದು, ಅದು ನನ್ನ ತಂಗಿಯ ಗದ್ದೆ, ಅದರ ಮೇಲೆ ಕಣ್ಣು ಹಾಕಬೇಡ ಎಂದಿದ್ದ. ಮಗ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅಪ್ಪ ತಂಗಿಗೆ ಉಳಲು ಕೊಟ್ಟಿದ್ದನೇ ಹೊರತು ಬಿಟ್ಟುಕೊಟ್ಟಿರಲಿಲ್ಲ ಎಂದು ಊರೆಲ್ಲ ಸಾರಿಕೊಂಡು ಬಂದಿದ್ದ.

ಇಂಥ ಜಗಳಕ್ಕೆ ಊರಲ್ಲಿ ಒಂದೇ ದಾರಿ. ನನ್ನದು ಎನ್ನುವವನು ಬದುವಿನ ತುದಿಯ ಕಲ್ಲಿನ ಎದುರು ಕೂತು, ಆಣೆ ಮಾಡಿ, ಅದೇ ಗದ್ದೆಯ ಮಣ್ಣು ತಿನ್ನಬೇಕು. ಕಲ್ಲೆಂದರೆ ಮೊಣಕಾಲೆತ್ತರಕ್ಕೆ ಕೆತ್ತಿದ ಒಬ್ಬ ಮನುಷ್ಯ. ಕಣ್ಣು ಸವೆದಿವೆ, ಬಾಯಿ ಮಾತ್ರ ತೆರೆದೇ ಇದೆ. ಆ ಬಾಯಿಯೊಳಗೆ ಮುತ್ತಜ್ಜಂದಿರ ಕಾಲದ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿದೆ. ಏನನ್ನು ಕುದಿಸಿ ಆ ಜಿಡ್ಡು ತೆಗೆದರು ಎಂದು ಊರಲ್ಲಿ ಯಾರೂ ಕೇಳುವುದಿಲ್ಲ.

ಓಂಪು ಬಿನ್ಸಾರ್ ಅದರೊಳಗೆ ಬೆರಳು ತೂರಿಸಿ ಕೆರೆದರು. ಗೋಡೆಯ ಸಂದಿಯಲ್ಲಿ ಇಲಿ ಸತ್ತಂಥ ನಾತ ಎದ್ದು, ನಿಂತವರೆಲ್ಲ ಮುಖ ತಿರುಗಿಸಿದರು. ಉಗುರಿನ ಸಂದಿಗೆ ಅಂಟಿದ್ದನ್ನು ಕೆಸರಿನಲ್ಲಿ ಕಲಸಿ, ಉಂಡೆ ಮಾಡಿ, ಬಾಳೆ ಎಲೆಯ ಚೂರಿನ ಮೇಲಿಟ್ಟರು.

ಅಲ್ಲಿಯವರೆಗೆ ಸುಮ್ಮನಿದ್ದ ತಿಯೊಮಿನಾ ಹತ್ತಿರ ಬಂದಳು. “ಬೇಡ ಕಣಪ್ಪಾ. ಗದ್ದೆ ಬೇಕಾದ್ರೆ ತಗೊಂಡೋಗು. ಅದನ್ನ ಮಾತ್ರ ತಿನ್ಬೇಡ.”

“ಭಿಕ್ಷೆ ಯಾಕೆ ತಗೊಳ್ಲಿ ನಂಬೊರು? ನಂದು ಅಂತಾನೇ ತಗೋತೀನಿ.”

ಆಣೆ ಮಾಡಿದ. ಉಂಡೆ ಬಾಯಿಗಿಟ್ಟ. ಹಲ್ಲಿನ ನಡುವೆ ಮರಳು ಕರಕರ ಎಂದಿತು. ಜಿಡ್ಡು ಕರಗಿ ಅಂಗುಳಕ್ಕೆ ಹತ್ತಿತು. ನಾಲಿಗೆಯ ಮೇಲೆ ಏನೋ ಸಣ್ಣದು ಮುದುಡಿ, ಮತ್ತೆ ಚಾಚಿಕೊಂಡಿತು. ಕಣ್ಣಲ್ಲಿ ನೀರು ಬಂದರೂ ಎಲ್ಲರ ಮುಖ ನೋಡುತ್ತಲೇ ನುಂಗಿದ.

ಗದ್ದೆ ಅವನದೆಂಬ ಕಾಗದಕ್ಕೆ ಹಿರಿಯರು ಹೆಬ್ಬೆಟ್ಟು ಒತ್ತಿದರು. ಸಂಜೆಯೊಳಗೆ ಪೇಟೆಯಲ್ಲಿ ಹರ್ಯಾದಿಯ ಹೆಸರಿಗೆ ಕ್ರಯಪತ್ರವೂ ಆಯಿತು. ನಾಳೆಯೇ ಲಾರಿಗಳಲ್ಲಿ ಕಲ್ಲು ತರಿಸಿ ಗದ್ದೆ ತುಂಬಿಸುತ್ತೇನೆ ಎಂದ ಸಾಹುಕಾರ. ಮಾರೊಲೊಪ್ ಅಲ್ಲೇ ಉಳಿದು, ಹಂದಿಮಾಂಸದ ತಟ್ಟೆಯನ್ನೂ ಪಾಮ್ ಹೆಂಡದ ಲೋಟವನ್ನೂ ಮುಂದಿಟ್ಟುಕೊಂಡ. ಮಾಂಸಕ್ಕೆ ಕೆಸರಿನ ರುಚಿಯಿತ್ತು. ಹೆಂಡವೂ ಹಾಗೇ ಇತ್ತು. ಅಡುಗೆಯವನಿಗೆ ಬೈದು ಎದ್ದು ಹೋದ.

ಮರುದಿನ ಬೆಳಿಗ್ಗೆ ಮೇದಾನಿಗೆ ಹೊರಟ ಮಿನಿಬಸ್ಸಿನಲ್ಲಿ ಅವನಿಗೆ ಚಾಲಕನ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಈರುಳ್ಳಿ ಚೀಲ ಹಿಡಿದ ಹೆಂಗಸು ಕೂತಿದ್ದಳು. ಮೂರನೇ ತಿರುವಿನಲ್ಲಿ ಅವನು ವಾಕರಿಸಿದ. ಸದ್ದು ಕೇಳಿ ಚಾಲಕ ತಿರುಗದೆಯೇ ಒಂದು ಪ್ಲಾಸ್ಟಿಕ್ ಕವರ್ ಹಿಂದಕ್ಕೆ ಎಸೆದ. “ಅದರೊಳಗೇ ಮಾಡ್ಕೊಳಣ್ಣಾ. ನಿನ್ನೆ ಸೀಟ್ ತೊಳೆದಿದ್ದೀನಿ.”

ನಿನ್ನೆಯ ಮಾಂಸ ಬರುತ್ತದೆಂದುಕೊಂಡಿದ್ದ. ಬಂದದ್ದು ಕೆಸರು. ಗಂಟಲು ಕೆರೆಯುತ್ತ, ಸಗಣಿಯ ನಾತ ಬೀರುತ್ತ, ಕವರಿನಲ್ಲಿ ಅರ್ಧದಷ್ಟು ಬಿತ್ತು. ಕೆಸರಿನೊಳಗಿಂದ ಒಂದು ಬಸವನಹುಳು ನಿಧಾನಕ್ಕೆ ಕೊಂಬು ಹೊರಚಾಚಿತು.

ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಕಿಟಕಿಗೆ ಒತ್ತಿಕೊಂಡಳು. ವಸಡಿನ ಮೇಲೆ ಮಣಿಯಂಥದ್ದೇನೋ ನಾಲಿಗೆಗೆ ತಾಗಿತು. ಮಾರೊಲೊಪ್ ಮುಂದಕ್ಕೆ ಬಾಗಿ, ಚಾಲಕನ ಕನ್ನಡಿಯಲ್ಲಿ ತುಟಿ ಎತ್ತಿ ನೋಡಿದ. ಭತ್ತದ ದಂಟುಗಳಿಗೆ ಬಸವನಹುಳುಗಳು ಇಟ್ಟು ಹೋಗುವ ಗುಲಾಬಿ ಮೊಟ್ಟೆಗಳು. ಹಲ್ಲಿನ ಬುಡದ ಉದ್ದಕ್ಕೂ ಒತ್ತೊತ್ತಾಗಿ ಅಂಟಿದ್ದವು. ಉಗುರಿನಿಂದ ಕೆರೆದ. ಪಟಪಟ ಒಡೆದು ಲೋಳೆ ಗಂಟಲಿಗೆ ಇಳಿಯಿತು. ನಾಲಿಗೆ ಎತ್ತಿದ. ಅಲ್ಲೂ ಇದ್ದವು.

ಆಗ ಹೊಟ್ಟೆಯೊಳಗೆ ಏನೋ ಭಾರವಾದದ್ದು ಕಾಲಿಟ್ಟಿತು. ಒಂದು ಕಾಲು. ಇನ್ನೊಂದು. ಕರುಳು ಪಕ್ಕಕ್ಕೆ ಸರಿಯಿತು. ಆ ಭಾರ ಮೊಣಕಾಲೂರಿ, ಉಸ್ಸೆಂದು ಒಳಗೇ ಮಲಗಿತು.

ಅವನು ಕಿರುಚಿ ಬಸ್ಸು ನಿಲ್ಲಿಸಿದ.

ಬೈಕಿನವನೊಬ್ಬನನ್ನು ಕಾಡಿ ಬೇಡಿ ಊರಿಗೆ ಮರಳುವಾಗ ಮಧ್ಯಾಹ್ನವಾಗಿತ್ತು. ಗದ್ದೆಯ ನಡುವೆ ತಿಯೊಮಿನಾಳ ಎಮ್ಮೆ ಕೆಸರಿನಲ್ಲಿ ಹಾಯಾಗಿ ಮಲಗಿತ್ತು. ಅದು ಬಾಲ ಬೀಸಿ ಮಗ್ಗುಲು ಬದಲಿಸಿತು. ಮಾರೊಲೊಪ್‌ನ ಹೊಟ್ಟೆ ಅಂಗಿಯೊಳಗೆ ಎಡದಿಂದ ಬಲಕ್ಕೆ ಹೊರಳಿತು. ಅವನು ಬದುವಿನ ಮೇಲೆ ಬಿದ್ದು, ತೆವಳಿಕೊಂಡೇ ನಂಬೊರುವಿನ ಕಾಲಿನ ತನಕ ಹೋದ.

ಬೇಡಿಕೊಳ್ಳುವ ಅಗತ್ಯವೇ ಬರಲಿಲ್ಲ. ಅವನನ್ನು ಕಂಡದ್ದೇ ತಡ, ಅವಳು ಗದ್ದೆಗಿಳಿದು ಎಮ್ಮೆಯನ್ನು ಹೊಡೆದೆಬ್ಬಿಸಿ ಮೇಲಕ್ಕೆ ಎಳೆದು ತಂದಳು. ಅವನೊಳಗಿನ ಭಾರ ಎದ್ದು ಹೊರಟುಹೋಯಿತು. ಅವಳು ಹೆಗಲ ಶಾಲಿನಿಂದಲೇ ಅವನ ಗಲ್ಲದ ಕೆಸರು ಒರೆಸಿದಳು. ನಾನಾಗಿದ್ದರೆ ಒರೆಸುತ್ತಿರಲಿಲ್ಲ, ಅಷ್ಟು ಅಸಹ್ಯವಾಗಿದ್ದ. ಸುದ್ದಿ ತಿಳಿದು ಓಂಪು ಬಿನ್ಸಾರ್ ಕೋಲೂರಿಕೊಂಡು ಬಂದರು, ಊರವರೂ ಸೇರಿದರು. ಮಾರೊಲೊಪ್ ಕಲ್ಲಿನ ಎದುರು ಕೂತು ಅಪ್ಪ ಹೇಳಿದ ಮಾತನ್ನೆಲ್ಲ ಒಪ್ಪಿಸಿದ. ಒಂದೊಂದು ಮಾತಿಗೂ ಬಾಯಿಂದ ಕೆಸರು ಸುರಿಯುತ್ತಿತ್ತು.

“ನಿಜ ಹೇಳಿದ್ದು ಒಳ್ಳೇದಾಯ್ತು,” ಎಂದರು ಓಂಪು ಬಿನ್ಸಾರ್. “ಇನ್ನು ಗದ್ದೆ ಇವಳ ಕೈಗೆ ವಾಪಸ್ ಬರ್ಬೇಕು. ಬಂದ ಕ್ಷಣ ಮಣ್ಣು ಇಳಿಯುತ್ತೆ. ಕೊಟ್ಬಿಡು.”

ಗದ್ದೆ ನಿನ್ನೆಯೇ ಹರ್ಯಾದಿಯದಾಗಿತ್ತು. ಕೊಡಲು ಮಾರೊಲೊಪ್‌ನ ಬಳಿ ಏನೂ ಇರಲಿಲ್ಲ.

ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಎಂಜಿನ್ ಸದ್ದು ಕೇಳಿಸಿತು. ಹರ್ಯಾದಿ ಕಾರಿನಿಂದಿಳಿದ. ಅವನ ಬೆನ್ನಿಗೇ ಕಲ್ಲು ತುಂಬಿದ ಲಾರಿಯೊಂದು ಹಿಮ್ಮುಖವಾಗಿ ಬಂದು ಬದುವಿನ ಅಂಚಿಗೆ ನಿಂತಿತು. ಮಾರೊಲೊಪ್ ಓಡಿದ. ಹಣವೆಲ್ಲ ವಾಪಸ್ ಕೊಡುತ್ತೇನೆ, ಮನೆ ಬರೆದುಕೊಡುತ್ತೇನೆ, ಕಾಗದ ಹರಿದುಹಾಕಿ ಎಂದು ಸಾಹುಕಾರನ ತೋಳು ಹಿಡಿದ. ತಿಯೊಮಿನಾ ಲಾರಿಯ ಹಿಂದೆ ಹೋಗಿ ನಿಂತಳು. ಇಬ್ಬರು ಕೂಲಿಗಳು ಅವಳನ್ನು ಎತ್ತಿ ಪಕ್ಕಕ್ಕೆ ತಂದು ಬಿಗಿಯಾಗಿ ಹಿಡಿದರು.

“ನಾನು ಇದನ್ನ ನುಂಗಿದ್ದೀನಿ ಸ್ವಾಮಿ. ಸುರೀಬೇಡಿ. ನನ್ನ ಹೊಟ್ಟೆಯೊಳಗಿದೆ ಈ ಗದ್ದೆ.”

ಹರ್ಯಾದಿ ತೋಳು ಬಿಡಿಸಿಕೊಂಡ. ಬಿಳಿ ಅಂಗಿಯ ಮೇಲೆ ಐದು ಬೆರಳಿನ ಕೆಸರು ಮೂಡಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಹಳ್ಳಿಯವರನ್ನೂ ಕಲ್ಲನ್ನೂ ನೋಡಿ ನಕ್ಕ.

“ಜಂತುಹುಳದ ಮಾತ್ರೆ ತಗೊಳ್ರಿ, ಸರಿಹೋಗುತ್ತೆ.”

ಲಾರಿಯವನಿಗೆ ಕೈಬೀಸಿದ.

ಲಾರಿಯ ಹಿಂಬದಿಯ ತೊಟ್ಟಿ ಮೇಲೇಳತೊಡಗಿತು. ಒಳಗೆ ಕಲ್ಲುಗಳು ಒಂದಕ್ಕೊಂದು ಉಜ್ಜಿ ಜಾರಿದವು. ನಂಬೊರುವಿನ ಕೂಗು ಕೇಳಿಸಿತು. ಮಾರೊಲೊಪ್ ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡು ಮಂಡಿಯೂರಿದ. ಮೊದಲನೆಯ ಕಲ್ಲು ಕೆಸರಿಗೆ ಬಿತ್ತು.

ರಸ್ತೆಯಲ್ಲಿ, ಆ ಲಾರಿಯ ಹಿಂದೆ, ಇನ್ನೂ ಹತ್ತು ಲಾರಿಗಳು ಸಾಲಾಗಿ ನಿಂತಿದ್ದವು.